ನಾಲ್ಕನೆಯ ಏಟು

"ಸರಸ್ವತಿ ಫೋಟೋ ಕೆಳಗೆ ದನದ ಚರ್ಮ ತಂದಿಡ್ತೀಯೇನೇ? ಸಂಗೀತ ಪಾಠ ಅಂದ್ರೆ ನಿಮ್ಮ ಕೇರಿ ಕುಣಿತ ಅಂದ್ಕೊಂಡಿದೀಯಾ?"

ಮುರಳಿಮೋಹನ್ ನನ್ನ ಪಾಠ ಯೋಜನೆಯ ಪುಸ್ತಕವನ್ನು ಕೈಗೆ ಕೊಡಲಿಲ್ಲ, ಕಾಲ ಬಳಿ ಎಸೆದರು. ಗೌರಿಬಿದನೂರಿನ ಆ ಶಾಲೆಗೆ ಅವರು ಸೆಕ್ರೆಟರಿ. ಶಾಲೆ ನಿಂತಿದ್ದ ಜಾಗ ಅವರ ತಾತನದು. ಹಾಗಾಗಿ ಅದರೊಳಗಿನ ಸಂಗೀತವೂ ತಮ್ಮದೇ ಎಂದು ನಂಬಿದ್ದರು. ನಾನು ತನುಜ, ಅತಿಥಿ ಶಿಕ್ಷಕಿ. ಅತಿಥಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇರಲಿಲ್ಲ.

ಆರನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್ ಸಂಗೀತ, ಮೂವತ್ತೆಂಟು ಮಕ್ಕಳು. ಯಾರೂ ಕಛೇರಿ ಮಾಡಲು ಬಂದವರಲ್ಲ. ಅಂಥವರಿಗೆಂದೇ ಕೂತು ಯೋಚಿಸಿ ಆರು ವಾರದ ಯೋಜನೆ ಬರೆದಿದ್ದೆ. ಮೊದಲ ವಾರ, ಮನೆಯಲ್ಲಿ ಕೇಳುವ ಸದ್ದುಗಳ ಪಟ್ಟಿ. ತೊಂಡೇಬಾವಿಯ ಮಕ್ಕಳು ರೈಲಿನ ಸದ್ದು ತರುತ್ತಾರೆ, ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೋಗುವ ಅಮ್ಮಂದಿರ ಮಕ್ಕಳು ಸೈರನ್ ತರುತ್ತಾರೆ. ಎರಡನೇ ವಾರ, ಆ ಸದ್ದುಗಳನ್ನು ಚಪ್ಪಾಳೆಯಲ್ಲಿ ಅಳೆಯುವುದು. ಮೂರನೇ ವಾರ, ತಮಟೆಯ ನಡಿಗೆ ಹೊಡೆತ: ಮೂರು ಏಟು, ನಾಲ್ಕನೆಯದು ಖಾಲಿ. ಖಾಲಿಯನ್ನೂ ಎಣಿಸಲು ಬಂದರೆ ಮಗುವಿಗೆ ತಾಳ ಬಂತೆಂದೇ ಲೆಕ್ಕ. ಬೋಧನೋಪಕರಣದ ಕಾಲಂನಲ್ಲಿ 'ತಮಟೆ, ಎರಡು ಕಡ್ಡಿ' ಎಂದು ಬರೆದಿದ್ದೆ. ಸೆಕ್ರೆಟರಿಯ ಕಣ್ಣಿಗೆ ಚುಚ್ಚಿದ್ದು ಅದು.

ಮೂಲೆಯಲ್ಲಿ ಒಂದು ಮೃದಂಗ ಧೂಳು ತಿನ್ನುತ್ತಿತ್ತು.

"ಆ ಮೃದಂಗಕ್ಕೆ ಏನ್ ಕಟ್ಟಿದಾರೆ ಸಾರ್? ಬಾಳೆ ಎಲೆನಾ?"

ಪಕ್ಕದಲ್ಲಿ ಕೂತಿದ್ದ ಶಿರೀಷಾ ಮೇಡಂ ಕೆಮ್ಮಿದರು. ಅವರು ಸೆಕ್ರೆಟರಿಯ ಸೊಸೆ, ಸಂಗೀತ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇದ್ದವರು ನಾವಿಬ್ಬರು, ಪಾಠ ಮಾಡುತ್ತಿದ್ದವಳು ಒಬ್ಬಳು.

"ಬಾಯಿ ನೋಡು ಮುಂಡೇದರದು! ಎತ್ಕೊ ಅದನ್ನ. ನಾಳೆಯಿಂದ ಬರೀ ಸರಿಗಮ. ಬರೆದು ಮೇಡಂ ಹತ್ರ ಸೈನ್ ಹಾಕಿಸ್ಕೊ."

ಬರೆದುಕೊಟ್ಟೆ. ತರಗತಿಯಲ್ಲಿ ನನ್ನದನ್ನೇ ಮಾಡಿದೆ, ತಮಟೆಯ ಬದಲು ಡೆಸ್ಕಿನ ಮೇಲೆ. ಮೇಡಂ ಒಮ್ಮೆಯಾದರೂ ತರಗತಿಗೆ ಬಂದಿದ್ದರೆ ಗೊತ್ತಾಗುತ್ತಿತ್ತು.

ತಿಂಗಳ ನಂತರ ಚಿಕ್ಕಬಳ್ಳಾಪುರದಿಂದ ಪತ್ರ ಬಂತು. ಮಾದರಿ ಸಂಗೀತ ಪಾಠ ನೋಡಲು ಅಧಿಕಾರಿಯೊಬ್ಬರು ಬರುತ್ತಾರೆ, ಜೊತೆಗೆ ಚಿಂತಾಮಣಿ, ಶಿಡ್ಲಘಟ್ಟದ ಶಿಕ್ಷಕರೂ. ಪಾಠದಲ್ಲಿ ಸ್ಥಳೀಯ ಕಲೆ ಇರಲೇಬೇಕು. ಅವತ್ತು ಮಧ್ಯಾಹ್ನವೇ ಸೆಕ್ರೆಟರಿ ನನ್ನನ್ನು ಕರೆಸಿದರು.

"ಏನಮ್ಮ ತನುಜ, ನಿನ್ನ ಆ ಹಳೇ ಪ್ಲ್ಯಾನ್ ಬುಕ್ ಇದೆಯಾ? ಕೊಡಮ್ಮ ಇಲ್ಲಿ."

ಮುಂಡೇದಾಗಿದ್ದವಳು ಅಮ್ಮ ಆಗಿದ್ದೆ.

ಎರಡು ದಿನದಲ್ಲಿ ಅದು ಹೊಳೆಯುವ ರಟ್ಟಿನ ಹೊಸ ಪುಸ್ತಕವಾಯಿತು. ಮೇಲೆ 'ರಚನೆ: ಶ್ರೀಮತಿ ಶಿರೀಷಾ'. ನಾನು ಅವಸರದಲ್ಲಿ ಬಿಟ್ಟಿದ್ದ ಒಂದು ಒತ್ತನ್ನು ಅವರೂ ಬಿಟ್ಟಿದ್ದರು. ಬದಲಾಗಿದ್ದು ಒಂದೇ ಪದ. ತಮಟೆ ಇದ್ದ ಕಡೆಯೆಲ್ಲ 'ಸ್ಥಳೀಯ ತಾಳವಾದ್ಯ'.

"ಇದು ನಂದು ಮೇಡಂ."

"ನಿಂದು ಅಂತ ಏನಿದೆ ಇಲ್ಲಿ? ಸ್ಕೂಲ್ ಬುಕ್ಕು, ಸ್ಕೂಲ್ ಪೆನ್ನು. ಆಫೀಸರ್ ಮುಂದೆ ನೀನ್ ನಿಂತ್ರೆ ಚೆನ್ನಾಗಿರುತ್ತಾ, ನೀನೇ ಹೇಳು. ಅವತ್ತು ಕಾರಿಡಾರ್‌ನಲ್ಲಿರು. ಬಂದೋರ ಚಪ್ಪಲಿ ಜೋಡ್ಸು."

ಸೆಕ್ರೆಟರಿಗೆ ಇನ್ನೊಂದು ಯೋಚನೆ ಹೊಳೆಯಿತು. "ನಿಮ್ಮಪ್ಪ ನಲ್ಲಪ್ಪನ್ನ ಬರಕ್ಕೇಳು. ಗೇಟಿಂದ ಹಾಲ್ ಬಾಗಿಲ್ವರ್ಗೂ ಆಫೀಸರ್ ಮುಂದೆ ಹೊಡ್ಕೊಂಡು ಬರ್ಲಿ. ಪ್ಲ್ಯಾನ್‌ನಲ್ಲಿ ಅದ್ಯಾವ್ದೋ ನಡಿಗೆ ಹೊಡೆತ ಇದೆಯಲ್ಲ, ಅದೇ ಹೊಡೀಲಿ, ಪಾಠಕ್ಕೆ ಮ್ಯಾಚ್ ಆಗುತ್ತೆ. ಹಾಲ್ ಒಳಕ್ ಮಾತ್ರ ಬರೋದ್ ಬೇಡ."

ಅಪ್ಪ ಅಂಗಳದಲ್ಲಿ ಹುಲ್ಲಿನ ಉರಿಗೆ ತಮಟೆ ಕಾಯಿಸುತ್ತಿದ್ದ. ಹೇಳಿದೆ. ಅವನ ಕೈ ನಿಂತಿತು.

"ಅದನ್ನಾ? ಅದು ಹೆಣ ಹೊರೋವಾಗ ಹೊಡೆಯೋದು ಕಣಮ್ಮ."

ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವನ ಹಿಂದೆ ನಡೆಯುತ್ತಲೇ ಕಲಿತದ್ದು. ಮಕ್ಕಳ ಕಾಲಿಗೆ ಅದಕ್ಕಿಂತ ಸುಲಭದ ಹೊಡೆತ ಇಲ್ಲವೆಂದು ಯೋಜನೆಗೆ ಹಾಕಿದ್ದೆ. ಏತಕ್ಕೆ ಹೊಡೆಯುವುದೆಂದು ಬರೆದಿರಲಿಲ್ಲ.

"ಸೆಕ್ರೆಟರಿನೇ ಕೇಳಿದ್ದು ಅಪ್ಪ. ಅದೇ ಬೇಕಂತೆ."

ಅಪ್ಪ ತಮಟೆಯನ್ನು ತಿರುಗಿಸಿ ಬೆರಳಲ್ಲಿ ತಟ್ಟಿ ನೋಡಿದ. "ಇವರಪ್ಪನ್ನ ಹೊತ್ಕೊಂಡು ಹೋದಾಗ ಊರಾಚೆ ಗಂಟ ನಾನೇ ಹೊಡೆದಿದ್ದು. ಪಕ್ಕದಲ್ಲೇ ನಡ್ಕೊಂಡು ಬಂದ ನನ್ಮಗ. ಕಿವಿ ಎಲ್ಲಿಟ್ಟಿದ್ನೋ. ಸರಿ ಬಿಡು, ಕೇಳಿದಾರೆ, ಹೊಡಿಯಣ."

ಆ ದಿನ ಬೆಳಿಗ್ಗೆ ಅಧಿಕಾರಿ ಕಾರಿನಿಂದ ಇಳಿದರು. ಸೆಕ್ರೆಟರಿ ಸೇವಂತಿಗೆ ಹಾರ ಹಾಕಿದರು. ಅಪ್ಪ ಶುರು ಮಾಡಿದ. ಮೂರು ಏಟು, ಒಂದು ಖಾಲಿ. ಹಾರ ಹೊತ್ತ ಅಧಿಕಾರಿ ನಿಧಾನವಾಗಿ ನಡೆದರು. ಹಿಂದೆ ಸೆಕ್ರೆಟರಿ, ಅವರ ಹಿಂದೆ ರೇಷ್ಮೆ ಸೀರೆಯ ಶಿರೀಷಾ, ಅವರ ಹಿಂದೆ ಎರಡು ತಾಲ್ಲೂಕಿನ ಶಿಕ್ಷಕರು. ಕಸ ಗುಡಿಸುತ್ತಿದ್ದ ಆಯಾ ಮುನಿಶಾಮಮ್ಮ ಪೊರಕೆ ಹಿಡಿದೇ ನಿಂತುಬಿಟ್ಟಳು. ಮೊದಲು ಎದೆಯ ಮೇಲೆ ಕೈಯಿಟ್ಟುಕೊಂಡಳು, ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಧಿಕಾರಿ ನಡೆಯುತ್ತಲೇ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಹಾಲಿನ ಬಾಗಿಲಲ್ಲಿ ಅಪ್ಪನನ್ನು ನಿಲ್ಲಿಸಿದರು. ನಾನು ಚಪ್ಪಲಿಗಳ ಪಕ್ಕ ನಿಂತೆ.

ಶಿರೀಷಾ ಪುಸ್ತಕ ನೋಡಿಕೊಂಡು ಪಾಠ ಮಾಡಿದರು. ಮಕ್ಕಳಿಗೆ ಎಲ್ಲ ಗೊತ್ತಿತ್ತು, ಅವರು ಕೇಳುವ ಮೊದಲೇ ಉತ್ತರ ಹೇಳಿದರು. ನಡಿಗೆ ಹೊಡೆತದ ಹಂತ ಬಂದಾಗ ಅಧಿಕಾರಿ ಕೈ ಎತ್ತಿದರು.

"ಬಹಳ ಚೆನ್ನಾಗಿದೆ ಮೇಡಂ. ಬರುವಾಗಲೂ ಇದನ್ನೇ ಕೇಳಿದೆ. ನಾಲ್ಕನೇ ಏಟು ಯಾಕೆ ಬಿಡ್ತಾರೆ?"

ಶಿರೀಷಾ ಪುಟ ತಿರುವಿದರು. ಹಿಂದಕ್ಕೂ ತಿರುವಿದರು. ಸೆಕ್ರೆಟರಿ ಕಿಟಕಿಗೆ ಬಂದು ಹಲ್ಲು ಕಚ್ಚಿದರು. "ಏಯ್, ಮೆತ್ತಗೆ ಹೇಳ್ಕೊಡೇ ಮೇಡಂಗೆ."

ನಾನು ಬಾಗಿಲಿನಿಂದಲೇ ಒಳಗೆ ಹೋದೆ.

"ಹೆಣ ಹೊತ್ತಿರೋರು ಭುಜ ಬದಲಾಯಿಸ್ಬೇಕಲ್ಲ ಸಾರ್, ಅದಕ್ಕೆ ಆ ಏಟು ಬಿಡ್ತಾರೆ. ಇದು ಸಾವಿನ ಹೊಡೆತ. ಗೇಟಿಂದ ನಿಮ್ಮನ್ನ ಕರ್ಕೊಂಡ್ ಬಂದಿದ್ದೂ ಇದ್ರಲ್ಲೇ. ಇದೇ ಬೇಕು ಅಂದಿದ್ದು ಸೆಕ್ರೆಟರಿ ಸಾಹೇಬ್ರು. ಅವರಪ್ಪಾಜಿಗೂ ಇದೇ ಹೊಡೆದಿದ್ದು, ಮರೆತಿದಾರೆ ಪಾಪ."

ಅಧಿಕಾರಿ ಹಾರವನ್ನು ತಲೆಯ ಮೇಲಿಂದ ಎಳೆದರು. ಅದು ಕನ್ನಡಕಕ್ಕೆ ಸಿಕ್ಕಿಕೊಂಡಿತು. ಯಾರೋ ಶಿಕ್ಷಕರು ನಕ್ಕು, ಅದನ್ನು ಕೆಮ್ಮಾಗಿ ಬದಲಾಯಿಸಿದರು.

"ಆಚೆ ನಡಿಯೇ ಕಳ್ ಮುಂಡೆ!" ಸೆಕ್ರೆಟರಿ ಕಿರುಚಿದರು.

ನಾನು ಶಿರೀಷಾ ಅವರ ಕೈಯಿಂದ ಪುಸ್ತಕ ಎಳೆದೆ. ಅವರು ಬಿಡಲಿಲ್ಲ. ಹೊಳೆಯುವ ರಟ್ಟು ಅವರ ಕೈಯಲ್ಲಿ ಉಳಿಯಿತು, ಹಾಳೆಗಳು ನನ್ನ ಕೈಗೆ ಬಂದವು.

"ಮುಂದಿನ ಹಂತ, ಮಕ್ಕಳೇ. ಎದ್ದು ನಿಲ್ಲಿ. ಅಪ್ಪಾ, ಒಳಗ್ ಬಾ."

ಅಪ್ಪ ಸರಸ್ವತಿಯ ಫೋಟೋ ಕೆಳಗೆ ಬಂದು ನಿಂತ. ಏಟು ಬಿತ್ತು. ಮೂವತ್ತೆಂಟು ಮಕ್ಕಳು ಹಾಲಿನ ಸುತ್ತ ನಡೆಯತೊಡಗಿದರು, ಕುರ್ಚಿಗಳ ಹಿಂದೆ, ಅಧಿಕಾರಿಯ ಮುಂದೆ. ಮೂರು ಹೆಜ್ಜೆ, ಆಮೇಲೆ ಎಲ್ಲರ ಕಾಲೂ ಗಾಳಿಯಲ್ಲಿ. ಆ ಖಾಲಿಯಲ್ಲಿ ಸೆಕ್ರೆಟರಿಯ ಬೈಗುಳವೊಂದೇ ಕೇಳುತ್ತಿತ್ತು, ಮತ್ತೆ ಏಟು ಬಿದ್ದು ಅದನ್ನು ಮುಚ್ಚುತ್ತಿತ್ತು.