ತೊಂದರೆಯಾಗಿದ್ದು ಕೈಗಲ್ಲ

‘ಇದನ್ನು ಯಾರಿಗೆ ಹೇಳಲಿ? ಹೇಗೆ ಹೇಳಲಿ?’

ಪ್ಲೆಸೆಂಟನ್ ಊರಿನ ಪಾರ್ಕಿನ ಬೆಂಚಿನ ಮೇಲೆ ಕೂತು ನಿಹಾರಿಕಾ ತನ್ನನ್ನೇ ಕೇಳಿಕೊಂಡಳು. ಮಗಳು ಹುಟ್ಟಿ ವರ್ಷವಾಗುತ್ತ ಬಂದಿತ್ತು. ಬೆಳಗ್ಗೆ ಆರಾಮ. ಸಂಜೆಯಾಗುತ್ತಲೇ ಒಳಗಿನಿಂದ ಏನೋ ಕೆಳಗೆ ಜಾರಿ ಬಂದಂತೆ, ಸಣ್ಣ ಚೆಂಡಿನ ಮೇಲೆ ಕೂತಂತೆ ಭಾರ. ಮಗುವನ್ನು ಎತ್ತಿಕೊಂಡರೆ ಇನ್ನಷ್ಟು. ಗಂಡ ಕೇದಾರನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಎದುರಿಗೆ ಕನ್ನಡ ಕೂಟದ ಹೆಂಗಸರ ಥ್ರೋಬಾಲ್ ಪ್ರಾಕ್ಟೀಸು ನಡೆದಿತ್ತು. ಹೆರಿಗೆಗೆ ಮುಂಚೆ ಅವಳ ಸರ್ವೀಸೆಂದರೆ ಎದುರು ತಂಡಕ್ಕೆ ನಡುಕ. ಮಾತು ಕಡಿಮೆಯ ಅವಳಿಗೆ ನಾಲ್ಕು ಜನರ ನಡುವೆ ನೆಮ್ಮದಿ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಈಗ ಎಗರಲು ಭಯ. ಅದಕ್ಕೇ ಮಣಿಕಟ್ಟಿಗೆ ಪಟ್ಟಿ ಸುತ್ತಿ, ಕೈನೋವೆಂದು ಕೂತುಬಿಡುತ್ತಿದ್ದಳು. ಗೆಳತಿಯರು ಹರಳೆಣ್ಣೆಯಿಂದ ಹಿಡಿದು ಐಸ್ ಪ್ಯಾಕಿನವರೆಗೆ ತಂದುಕೊಟ್ಟಿದ್ದಾಯಿತು.

“ಏನಮ್ಮಾ, ಮಟರ್ನಿಟಿ ಲೀವು ಮುಗೀತು, ಈಗ ಕೈ ಲೀವಾ?” ಎಂದು ಕ್ಯಾಪ್ಟನ್ ದೀಪಾಲಿ ರೇಗಿಸಿದಳು.

ನೀರು ಕುಡಿಯಲು ಬಂದ ಜಲಜಾ ನಿಂತು ನೋಡಿದಳು. ಹೆರಿಗೆಯಾದವರಿಗೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಅವಳು.

“ಹೋದ ವಾರ ಎಡಗೈ ಅಲ್ವೇನೇ ನೋಯ್ತಿದ್ದದ್ದು?”

ನಿಹಾರಿಕಾ ನೋಡಿಕೊಂಡಳು. ಪಟ್ಟಿ ಬಲಗೈಯಲ್ಲಿತ್ತು.

ಜಲಜಾ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. “ಕೆಮ್ಮು ಬಂದಾಗೆಲ್ಲ ಕಾಲು ಬಿಗಿ ಮಾಡ್ಕೋತೀಯ, ನೋಡಿದೀನಿ. ಕೆಳಗೆ ಭಾರ ಅನ್ಸತ್ತಾ?”

ನಿಹಾರಿಕಾಳ ಕಣ್ಣು ತುಂಬಿತು. ತಲೆಯಾಡಿಸಿದಳು.

“ಗರ್ಭಕೋಶ, ಮೂತ್ರಕೋಶ ಇವನ್ನೆಲ್ಲ ಕೆಳಗಿಂದ ಹೊತ್ತಿರೋ ಸ್ನಾಯುಗಳು ಹೆರಿಗೇಲಿ ಸಡಿಲ ಆಗತ್ವೆ. ಆಗ ಆ ಅಂಗಗಳು ಕೆಳಗೆ ಜಾರತ್ವೆ. ಹೆತ್ತವರನ್ನ ಪರೀಕ್ಷೆ ಮಾಡಿ ನೋಡಿದಾಗ ಹತ್ತಿರ ಹತ್ತಿರ ಅರ್ಧ ಜನಕ್ಕೆ ಸ್ವಲ್ಪವಾದ್ರೂ ಜಾರಿರತ್ತೆ ಅಂತ ಸಂಶೋಧನೆಗಳು ಹೇಳತ್ವೆ. ತುಂಬ ಜನಕ್ಕೆ ಗೊತ್ತೇ ಆಗಲ್ಲ. ಗೊತ್ತಾದೋರು ನಿನ್ನ ಹಾಗೆ ಕೈಗೆ ಪಟ್ಟಿ ಸುತ್ಕೋತಾರೆ!”

ಅಳುತ್ತಿದ್ದವಳಿಗೆ ನಗು ಬಂತು. “ಆಪರೇಷನ್ನಾ ಜಲಜಕ್ಕ?”

“ಎಲ್ಲರಿಗೂ ಬೇಕಾಗಲ್ಲ ಕಣೇ. ಮೊದಲು ಡಾಕ್ಟರ್ ನೋಡ್ಲಿ. ಆಮೇಲೆ ಸರಿಯಾದ ವ್ಯಾಯಾಮ, ಬೇಕಿದ್ರೆ ಕೆಳಗೆ ಜಾರದ ಹಾಗೆ ಒಳಗಿಡೋ ಮೆತ್ತನೆ ರಿಂಗು. ಮಲಬದ್ಧತೆ ಆಗದ ಹಾಗೆ ನೋಡ್ಕೊ. ಭಾರ ಎತ್ತುವಾಗ ಉಸಿರು ಬಿಗಿ ಹಿಡೀಬೇಡ.”

ಆ ರಾತ್ರಿ ಕೇದಾರನಿಗೆ ಹೇಳಿದಾಗ ಅವನು ಅಂದದ್ದು ಇಷ್ಟೇ: “ಮೀಟಿಂಗು ಕ್ಯಾನ್ಸಲ್ ಮಾಡ್ತೀನಿ, ಡಾಕ್ಟರ್ ಹತ್ರ ನಾನೂ ಬರ್ತೀನಿ.”

ಮೊಮ್ಮಗಳನ್ನು ನೋಡಿಕೊಳ್ಳಲು ಬಾಗಲಕೋಟೆಯಿಂದ ಬಂದಿದ್ದ ಅತ್ತೆ ನೀಲವ್ವ ಮಾತ್ರ ಮೂಗು ಮುರಿದರು. “ಹಡದ ಮ್ಯಾಲ ಇದೆಲ್ಲಾ ಇರೂದ ತಗಿ. ನಾ ಮೂರು ಹಡದೇನಿ, ಯಾರ ಮುಂದರ ಹೇಳೇನೇನ?”

“ಅಂದ್ರೆ ನಿಮಗೂ ಇದೆಯಾ ಅತ್ತೆ?”

“ಸಾರು ಉಕ್ಕಾಕತ್ತೈತಿ, ನೋಡು ಮೊದಲ” ಎಂದು ನೀಲವ್ವ ಮುಖ ತಿರುಗಿಸಿದರು.

ಡಾಕ್ಟರು ಪರೀಕ್ಷಿಸಿ, ಗರ್ಭಕೋಶ ಜಾರಿದೆಯೆಂದು ಹೇಳಿ ರಿಂಗು ಹಾಕಿದರು. ಜಲಜಾ ವ್ಯಾಯಾಮ ಕಲಿಸಿದಳು: ಮೂತ್ರ ತಡೆದಂತೆ ಒಳಗಿನ ಸ್ನಾಯುಗಳನ್ನು ಮೇಲಕ್ಕೆ ಸೆಳೆದು ಹಿಡಿ, ಪೂರ್ತಿ ಸಡಿಲ ಬಿಡು. ಮೊದಮೊದಲು ಹೆಚ್ಚೇನೂ ಬದಲಾಗಲಿಲ್ಲ. “ನಾ ಹೇಳ್ಲಿಲ್ಲೇನ?” ಎಂದರು ನೀಲವ್ವ. ನಿಹಾರಿಕಾ ಬಿಡಲಿಲ್ಲ. ಕೆಲವು ತಿಂಗಳ ಬಳಿಕ ಒಂದು ಸಂಜೆ ಮಗಳನ್ನೆತ್ತಿಕೊಂಡು ಮಹಡಿ ಹತ್ತಿದವಳಿಗೆ ಥಟ್ಟನೆ ಹೊಳೆಯಿತು: ಇಡೀ ದಿನ ಭಾರದ ನೆನಪೇ ಆಗಿರಲಿಲ್ಲ!

ನೀಲವ್ವ ಮೆಲ್ಲಗೆ ಬಳಿ ಬಂದರು. “ಯವ್ವಾ, ಆ ಡಾಕ್ಟರ್ ಕಡೆ ನನ್ನೂ ಕರಕೊಂಡ ಹೋಗ್ತಿ?”

ಡಾಕ್ಟರ ಒಪ್ಪಿಗೆ ಪಡೆದು ನಿಹಾರಿಕಾ ಹತ್ತಿರದ ಕ್ಯಾಂಪ್‌ಬೆಲ್ ಊರಿನ ಥ್ರೋಬಾಲ್ ಪಂದ್ಯಕ್ಕೆ ಇಳಿದಳು. ಕೊನೆಯ ಸರ್ವೀಸು ಅವಳದೇ. ಚೆಂಡು ಗೆರೆಯೊಳಗೆ ಬಿತ್ತು. ಎದುರಿನವರು ನೋಡುತ್ತ ನಿಂತರು. ನಿಹಾರಿಕಾಳ ತಂಡ ಗೆದ್ದಿತು!

ಬಹುಮಾನದ ವೇದಿಕೆಯಲ್ಲಿ ದೀಪಾಲಿ ಮೈಕು ಚಾಚಿದಳು. “ಇಷ್ಟು ದಿನ ಆಟ ಬಿಟ್ಟು ಎಲ್ಲಿ ಮಾಯ ಆಗಿದ್ದೆ, ಹೇಳು!”

ನಿಹಾರಿಕಾ ಮೈಕು ಕೈಗೆ ತೆಗೆದುಕೊಂಡಳು.

“ಹೆರಿಗೆ ಆದ್ಮೇಲೆ ನನ್ನ ಗರ್ಭಕೋಶ ಜಾರಿದೆ. ಈಗಲೂ ಸ್ವಲ್ಪ ಇದೆ. ಚಿಕಿತ್ಸೆ ತಗೊಂಡೆ. ಇವತ್ತು ಆಡ್ದೆ.”

ಅಕ್ಕಾ, ತಂಗೀ, ಇದನ್ನು ಓದುತ್ತಿರುವ ನಿಮಗೂ ಅಂಥ ಭಾರವಿದ್ದರೆ ಇವತ್ತೇ ಡಾಕ್ಟರಿಗೆ ಫೋನು ಮಾಡಿ. ರಕ್ತ ಕಂಡರೆ, ಮೂತ್ರ ಕಟ್ಟಿದರೆ ತಡಮಾಡಲೇಬೇಡಿ. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ. ಅವರು ಸಾರಿನ ಕಡೆ ತಿರುಗಿದರೆ, ಇನ್ನೊಮ್ಮೆ ಕೇಳಿ.