ಒಳಗೆ ಯಾರೂ ಇಲ್ವಾ?

ಬರ್ಮಾದಿಂದ ಬಂದ ನಮ್ಮ ಕರೆನ್ ಜನರ ಮನೆಗಳಲ್ಲಿ ಇಂಗ್ಲಿಷಿನ ಎರಡು ಪದಗಳು ಎಲ್ಲರಿಗೂ ಬರುತ್ತವೆ. ಒಂದು ಯೆಸ್, ಇನ್ನೊಂದು ನೋ. ಥಾಯ್ ಗಡಿಯ ನಿರಾಶ್ರಿತರ ಶಿಬಿರದಿಂದ ಆಸ್ಟ್ರೇಲಿಯಾದ ಬೆಂಡಿಗೋಗೆ ಬಂದು ಎಂಟು ವರ್ಷವಾದರೂ ಥಾಡೋ ಆ ಎರಡರಲ್ಲೇ ಸಂಸಾರ ತೂಗಿಸಿಕೊಂಡು ಬಂದಿದ್ದ.

ಪಕ್ಕದ ಮನೆಯ ಮುದುಕಿ ಶರ್ಲಿ ಬೇಲಿಯಾಚೆ ನಿಂತು, "ನಿಮಗೆ ನಿಂಬೆಹಣ್ಣು ಬೇಡ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಅವನಿಗೆ ಬೇಡವಾಗಿತ್ತು. ಆಕೆ ಹೇಳಿದ್ದು ಸರಿಯಾಗಿಯೇ ಇದೆ ಎಂದುಕೊಂಡು ಥಾಡೋ "ಯೆಸ್" ಅನ್ನುತ್ತಿದ್ದ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಒಂದು ಬಕೆಟ್ ನಿಂಬೆಹಣ್ಣು ಇರುತ್ತಿತ್ತು.

"ಬೇಡ ಅನ್ನೋಕೂ ಬರಲ್ವೇನ್ರೀ ನಿಮಗೆ?" ಎಂದು ಹೆಂಡತಿ ವಾಪೋ ರೇಗುತ್ತಿದ್ದಳು.

"ಬೇಡ ಅಂತಲೇ ಹೇಳಿದ್ದು ಕಣೆ. ಆಯಮ್ಮನಿಗೆ ಕಿವಿ ಮಂದ."

ಪ್ರತಿ ಮಂಗಳವಾರ ಊರಿನ ಲೈಬ್ರರಿಯಲ್ಲಿ ನಮ್ಮವರಿಗೆ ಇಂಗ್ಲಿಷ್ ಮಾತು ಹೇಳಿಕೊಡುವವರು ಡೋರ್ಕಸ್, ಅವರೂ ಕರೆನ್ ಜನರೇ. ನಾವೆಲ್ಲ ಅವರನ್ನು ಥ್ರಾಮು ಅನ್ನುತ್ತೇವೆ, ಟೀಚರಮ್ಮ ಅಂದಂತೆ. ಒಂದು ಭಾನುವಾರ ಚರ್ಚು ಮುಗಿಸಿಕೊಂಡು ಅವರು ಥಾಡೋನ ಮನೆಗೆ ಬಂದರು. ಹಿತ್ತಲಲ್ಲಿ ಪುಂಡಿ ಸೊಪ್ಪು ಬಿಡಿಸುತ್ತ ಕೂತಿದ್ದವಳು ವಾಪೋಳ ಅಕ್ಕ ಸೆರ್‌ಮು. ಶಿಬಿರದಲ್ಲಿ ವಾಪೋ ಕಾಯಿಲೆ ಬಿದ್ದಾಗ ಇವರ ಇಬ್ಬರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಮದುವೆಯಾದವಳಲ್ಲ, ಇವರ ಜೊತೆಯಲ್ಲೇ ಇದ್ದಳು. ಚರ್ಚಿನಲ್ಲಿ ಹಾಡು ಎತ್ತಿಕೊಡುವ ದನಿ ಅವಳದು.

"ಈ ಮಂಗಳವಾರದಿಂದ ನೀವು ಮೂರೂ ಜನ ಬನ್ನಿ," ಅಂದರು ಥ್ರಾಮು.

ಥಾಡೋ ಎಲೆ‌ಅಡಿಕೆ ಅಗಿಯುತ್ತ ನಕ್ಕ. "ಟೊಮೇಟೊ ಗಿಡ ಇಂಗ್ಲಿಷ್ ಮಾತಾಡುತ್ತಾ ಥ್ರಾಮು? ಬೆಳಗಿಂದ ಸಂಜೆ ತನಕ ಗಾಜಿನ ಮನೇಲಿ ಬಳ್ಳಿಗೆ ದಾರ ಸುತ್ತೋನು ನಾನು. ಕೈ ಓಡಿದ್ರೆ ಸಾಕು. ಬಾಯಿ ಯಾಕೆ?"

"ಗಿಡ ಮಾತಾಡಲ್ಲಪ್ಪ. ಮೇಸ್ತ್ರಿ ಮಾತಾಡ್ತಾನಲ್ಲ?"

"ಅವನು ಕೇಳ್ತಾನೆ, ನಾನು ಯೆಸ್ ಅಂತೀನಿ. ಇಲ್ಲಾಂದ್ರೆ ನೋ ಅಂತೀನಿ. ಎಂಟು ವರ್ಷ ಏನಾಯ್ತು? ಬೆಟ್ಟ ಬಿತ್ತಾ ತಲೆ ಮೇಲೆ?"

ಸೆರ್‌ಮು ಸೊಪ್ಪಿನಿಂದ ತಲೆ ಎತ್ತದೆಯೇ, "ನನಗಂತೂ ಆಗಲ್ಲ ತಾಯಿ. ಐವತ್ತು ದಾಟಿತು. ಈಗ ಅಕ್ಷರ ತಿದ್ದಲಾ?" ಅಂದಳು.

ವಾಪೋ ಮಾತ್ರ ಆ ಮಂಗಳವಾರ ಹೋದಳು, ಮುಂದಿನ ಮಂಗಳವಾರವೂ ಹೋದಳು. ಥಾಡೋ ಅವಳನ್ನು "ಏನಮ್ಮಾ ಮೇಡಮ್ಮೋರೇ" ಎಂದು ಛೇಡಿಸಿಕೊಂಡು ಓಡಾಡುತ್ತಿದ್ದ.

ಆ ಶುಕ್ರವಾರ ಮಧ್ಯಾಹ್ನ ನಾಲ್ಕರ ಹೊತ್ತು. ಊರಾಚೆಯ ಗಾಜಿನ ಮನೆಯಲ್ಲಿ ಕೆಲಸ ಮುಗಿಯುತ್ತ ಬಂದಿತ್ತು. ಅಲ್ಲಿ ಟೊಮೇಟೊ ಬಳ್ಳಿಗಳು ಆಳೆತ್ತರವನ್ನೂ ಮೀರಿ ಬೆಳೆಯುತ್ತವೆ. ಮೇಲಿನ ಕೆಲಸಕ್ಕೆ ಹಳಿಯ ಮೇಲೆ ಓಡುವ ಬಂಡಿ ಇದೆ. ಅದರ ಹಲಗೆಯ ಮೇಲೆ ನಿಂತು ಗುಂಡಿ ಒತ್ತಿದರೆ ಹಲಗೆ ಮೇಲೇರುತ್ತದೆ. ಬಾಗಿಲಿನಿಂದ ನಾಲ್ಕನೆಯ ಸಾಲಿನಲ್ಲಿ, ಥಾಡೋನ ಜೊತೆ ಅಲ್ಲೇ ಕೆಲಸಕ್ಕಿದ್ದ ಸೆರ್‌ಮು ಹಾಗೆ ಮೇಲೆ ನಿಂತು ಕೊನೆಯ ಹತ್ತು ಬಳ್ಳಿ ಕಟ್ಟುತ್ತಿದ್ದಳು. ಎಲೆಗಳ ಮರೆಯಲ್ಲಿ ಅವಳು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಥಾಡೋ ತನ್ನ ಸಾಲು ಮುಗಿಸಿ ಹೊರಗೆ ಬಂದ.

ವಾರದ ಕೊನೆಗೆ ಹುಳುವಿಗೆ ಔಷಧಿ ಬಿಡುವುದು ವಾಡಿಕೆ. ಬಾಗಿಲು ಮುಚ್ಚಿ ಯಂತ್ರ ಚಾಲು ಮಾಡಿದರೆ ಔಷಧಿ ಮಂಜಿನ ಹಾಗೆ ಇಡೀ ಮನೆ ತುಂಬಿಕೊಳ್ಳುತ್ತದೆ. ಆಮೇಲೆ ಮರುದಿನದವರೆಗೆ ಒಳಗೆ ಯಾರೂ ಕಾಲಿಡುವಂತಿಲ್ಲ. ಮೇಸ್ತ್ರಿ ಡ್ಯಾರಿಲ್ ಬಾಗಿಲ ಮೇಲೆ ಕೈಯಿಟ್ಟು ಥಾಡೋನನ್ನು ಕೇಳಿದ:

"ಒಳಗೆ ಯಾರೂ ಇಲ್ವಾ?"

ಥಾಡೋ ಕೂಡಲೇ ತಲೆಯಾಡಿಸಿದ. "ನೋ, ನೋ!" ಅಂದ. ಸೆರ್‌ಮು ಇದ್ದಾಳೆ ಎಂದು ಮುಂದೆ ಹೇಳಬೇಕೆಂದಿತ್ತು. ಅದಕ್ಕೆ ಬೇಕಾದ ಮಾತು ನಾಲಿಗೆಗೆ ಬರಲಿಲ್ಲ. ಡ್ಯಾರಿಲ್ ಹೆಬ್ಬೆರಳು ಎತ್ತಿ ತೋರಿಸಿದ. ಸದ್ಯ, ಇವನಿಗೆ ತಿಳಿಯಿತು, ಅವಳು ಬರುವ ತನಕ ಕಾಯುತ್ತಾನೆ ಅಂದುಕೊಂಡು ಥಾಡೋ ಕೈ ತೊಳೆಯಲು ನಲ್ಲಿಯ ಕಡೆ ಹೋದ.

ಸೋಪು ಹಚ್ಚಿಕೊಳ್ಳುತ್ತಿದ್ದಾಗ ಫ್ಯಾನುಗಳು ತಿರುಗುವ ಸದ್ದು ಕೇಳಿತು.

ಅವನು ಓಡಿ ಬಂದು ಬಾಗಿಲು ತಳ್ಳಿದಾಗ ಒಳಗೆ ಬಿಳಿ ಹೊಗೆ ಇಳಿಯುತ್ತಿತ್ತು. ಹಲಗೆ ಕೆಳಗಿಳಿಯುವಷ್ಟರಲ್ಲಿ ಸೆರ್‌ಮು ಆ ಗಾಳಿಯನ್ನು ಎದೆ ತುಂಬ ಎಳೆದುಕೊಂಡಿದ್ದಳು. ಹಳಿಗಳ ನಡುವೆ ಕುಸಿದು ಬಿದ್ದಿದ್ದಳು. ಡ್ಯಾರಿಲ್ ಯಂತ್ರ ನಿಲ್ಲಿಸಿ, ಮುಖಕ್ಕೆ ವಿಷಗಾಳಿ ತಡೆಯುವ ಮಾಸ್ಕ್ ಹಾಕಿಕೊಂಡು ನುಗ್ಗಿ, ಅವಳನ್ನು ಹೊತ್ತು ತಂದ. ಅವಳ ತುಟಿ ನೀಲಿಯಾಗಿತ್ತು. ಡ್ಯಾರಿಲ್ ಆಂಬುಲೆನ್ಸಿಗೆ ಫೋನು ಮಾಡಿದ.

ಆಸ್ಪತ್ರೆಯಲ್ಲಿ ನರ್ಸ್ ಬಂದು ಥಾಡೋನನ್ನು ಏನೋ ಕೇಳಿದಳು. ಅವನು ಬಾಯಿ ತೆರೆದ. ಯೆಸ್ ಅನ್ನಬೇಕೋ ನೋ ಅನ್ನಬೇಕೋ ತಿಳಿಯಲಿಲ್ಲ. ಯಾವುದನ್ನು ಅಂದರೆ ಏನಾಗುತ್ತದೋ ಎಂದು ಮೊದಲ ಸಲ ಹೆದರಿಕೆಯಾಯಿತು. ಅಷ್ಟರಲ್ಲಿ ಸುದ್ದಿ ಕೇಳಿ ಓಡಿ ಬಂದಿದ್ದ ವಾಪೋ ಅವನನ್ನು ಸರಿಸಿ ಮುಂದೆ ಬಂದಳು. ಎರಡು ಮಂಗಳವಾರಗಳಲ್ಲಿ ಕಲಿತದ್ದನ್ನೆಲ್ಲ ಒಟ್ಟು ಮಾಡಿ, ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳಿದಳು:

"ಕ್ಷಮಿಸಿ. ನನಗೆ ಅರ್ಥವಾಗಲಿಲ್ಲ. ಕರೆನ್ ಭಾಷೆಯ ದುಭಾಷಿ ಬೇಕು, ದಯವಿಟ್ಟು."

ಐದೇ ನಿಮಿಷದಲ್ಲಿ ಫೋನಿನಲ್ಲಿ ದುಭಾಷಿ ಸಿಕ್ಕಳು. ಈ ಹೆಂಗಸಿನ ಎದೆಗೆ ಹಿಂದೆ ಏನಾದರೂ ಕಾಯಿಲೆ ಇತ್ತೇ ಎಂದು ಡಾಕ್ಟರು ಕೇಳಿದರು.

"ಕ್ಷಯ ಇತ್ತು. ಶಿಬಿರದಲ್ಲಿ ಆರು ತಿಂಗಳು ಮಾತ್ರೆ ನುಂಗಿದ್ಲು. ವಾಸಿ ಆಗಿದೆ," ಅಂದಳು ವಾಪೋ.

"ಇತ್ತು, ಈಗಿಲ್ಲ. ಸರಿ ತಾನೆ?" ಎಂದು ದುಭಾಷಿ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಥಾಡೋ ಗೋಡೆಗೆ ಒರಗಿ ನಿಂತಿದ್ದ. ತನ್ನನ್ನು ಕೇಳಿದ್ದರೆ ಕ್ಷಯ, ಯೆಸ್ ಎಂದಷ್ಟೇ ಹೇಳುತ್ತಿದ್ದೆ. ಇದೆ ಎಂದು ತಿಳಿಯುತ್ತಿದ್ದರೋ ಇತ್ತು ಎಂದು ತಿಳಿಯುತ್ತಿದ್ದರೋ ಎಂದುಕೊಂಡ.

ಒಂಬತ್ತು ದಿನ ಸೆರ್‌ಮುವಿನ ಗಂಟಲಲ್ಲಿ ಕೊಳವೆ ಇತ್ತು.

ಆ ದಿನಗಳಲ್ಲಿ ಥಾಡೋ ಕಂಡಕಂಡವರ ಎದುರು ಡ್ಯಾರಿಲ್‌ನನ್ನು ಬೈದ. "ಬಡವರ ಪ್ರಾಣ ಅಂದ್ರೆ ಇವರಿಗೆ ಅಷ್ಟೇ. ನಾನು ಹೇಳಿದ್ರೂ ಔಷಧಿ ಬಿಟ್ಟ, ಪಾಪಿ."

ಹತ್ತನೆಯ ದಿನ ವಿಚಾರಣೆ ನಡೆಯಿತು. ಕೆಲಸದ ಜಾಗಗಳ ಸುರಕ್ಷತೆ ನೋಡುವ ಅಧಿಕಾರಿ ಬಂದಿದ್ದರು, ಒಬ್ಬ ದುಭಾಷಿ ಇದ್ದ. ಥಾಡೋನ ಕಡೆಯಿಂದ ಥ್ರಾಮು ಡೋರ್ಕಸ್ ಬಂದು ಕೂತಿದ್ದರು. ಡ್ಯಾರಿಲ್ ಮೊದಲು ಮಾತಾಡಿದ. ಕಣ್ಣು ಕೆಂಪಾಗಿತ್ತು.

"ನಾನೇ ಒಳಗೆ ಹೋಗಿ ನೋಡಬೇಕಿತ್ತು. ನೋಡಲಿಲ್ಲ, ಅದು ನನ್ನ ತಪ್ಪು. ಆದ್ರೆ ನಾನು ಇವನನ್ನ ಕೇಳಿದೆ. ಒಳಗೆ ಯಾರೂ ಇಲ್ವಾ ಅಂತ. ಎರಡು ಸಲ ನೋ ಅಂದ."

ದುಭಾಷಿ ಅದನ್ನು ಕರೆನ್‌ನಲ್ಲಿ ಹೇಳಿದ ಕೂಡಲೇ ಥಾಡೋ ಎದ್ದು ನಿಂತ.

"ಹೌದು, ಎರಡು ಸಲ ಹೇಳಿದೆ! ಅವನೇ ಒಪ್ಪಿಕೊಂಡ ನೋಡಿ! ಎರಡು ಸಲ ಹೇಳಿದ್ರೂ ಯಾಕೆ ಬಾಗಿಲು ಹಾಕಿದೆ ಅಂತ ಕೇಳಿ ಅವನನ್ನ!"

ಅಧಿಕಾರಿ ದುಭಾಷಿಯ ಮುಖ ನೋಡಿದರು. ಥ್ರಾಮು ಅಧಿಕಾರಿಯ ಒಪ್ಪಿಗೆ ಕೇಳಿ, ಥಾಡೋನ ತೋಳು ಹಿಡಿದು ಕೂರಿಸಿದರು.

"ಥಾಡೋ, ನೀನು ನೋ ಅಂದದ್ದು ಯಾವುದಕ್ಕೆ?"

"ಯಾರೂ ಇಲ್ವಾ ಅಂದ. ಹಾಗಲ್ಲ, ಇದ್ದಾಳೆ ಅಂತ ನೋ ಅಂದೆ."

"ನಮ್ಮ ಮಾತಿನಲ್ಲಿ ಅದು ಸರಿ. ಯಾರೂ ಇಲ್ವಾ ಅಂತ ಕೇಳಿದ್ರೆ, ಕೇಳಿದವರ ಮಾತು ನಿಜ ಆದ್ರೆ ಹೌದು ಅಂತೀವಿ, ಸುಳ್ಳಾದ್ರೆ ಅಲ್ಲ ಅಂತೀವಿ. ಇಂಗ್ಲಿಷಿನವರು ಹಾಗೆ ನೋಡಲ್ಲಪ್ಪ. ಅವರು ಒಳಗೆ ಆಳು ಇದ್ದಾರೋ ಇಲ್ಲವೋ ಅಂತ ಅಷ್ಟೇ ನೋಡ್ತಾರೆ. ಇದ್ರೆ ಯೆಸ್. ಇಲ್ಲದಿದ್ರೆ ನೋ. ಪ್ರಶ್ನೆ ಹೇಗೇ ಕೇಳಿರಲಿ. ನೀನು ಇದ್ದಾಳೆ ಅಂದೆ. ಅವನಿಗೆ ಇಲ್ಲ ಅಂತ ಕೇಳಿಸ್ತು."

ಥಾಡೋ ಕೇಳಿದ, "ಹಾಗಾದ್ರೆ ಒಳಗೆ ಯಾರೂ ಇಲ್ಲ ಅಂತ ನಾನೇ ಹೇಳಿದ್ನಾ?"

ಮೇಜಿನಾಚೆ ಕೂತಿದ್ದ ಡ್ಯಾರಿಲ್‌ಗೆ ದುಭಾಷಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಡ್ಯಾರಿಲ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಸೆರ್‌ಮು ಬದುಕಿ ಮನೆಗೆ ಬಂದಳು. ಎದೆ ಮೊದಲಿನಂತಾಗಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದಳು. ಹಾಡಲು ಉಸಿರು ಸಾಲುತ್ತಿರಲಿಲ್ಲ. ಥಾಡೋ ಅವಳ ಕಣ್ಣಿಗೆ ಬೀಳದಂತೆ ಓಡಾಡಿದ. ಅವಳು ಉಣ್ಣಲು ಕೂತರೆ ಇವನು ಹೊರಗೆ ಹೋಗುತ್ತಿದ್ದ. ಕೊನೆಗೊಂದು ಬೆಳಿಗ್ಗೆ ತಾಳಲಾರದೆ ಅವಳ ಮುಂದೆ ಹೋಗಿ ನೆಲದ ಮೇಲೆ ಕೂತ.

"ಅಕ್ಕ, ಡ್ಯಾರಿಲ್ ಒಬ್ಬನದ್ದೇ ತಪ್ಪಲ್ಲ. ನನ್ನ ಬಾಯಿಂದಲೂ ಆಯ್ತು," ಎಂದು ಎಲ್ಲವನ್ನೂ ಹೇಳಿದ.

ಸೆರ್‌ಮು ಅವನ ತಲೆಯ ಮೇಲೆ ಕೈಯಿಟ್ಟಳು. ಉಸಿರು ಎಳೆದೆಳೆದು, ತಡೆದು ತಡೆದು ಮಾತಾಡಿದಳು.

"ನನಗೂ ಕೇಳಿಸಿತ್ತು ಕಣೋ. ಬಾಗಿಲು ಹತ್ತಿರವೇ ಇತ್ತಲ್ಲ. ಅವನು ಕೇಳಿದ್ದೂ ಕೇಳಿಸ್ತು, ನೀನು ನೋ ನೋ ಅಂದದ್ದೂ ಕೇಳಿಸ್ತು. ನಮ್ಮ ಥಾಡೋ ಹೇಳಿದ, ಇನ್ನು ಕಾಯ್ತಾರೆ ಅಂದ್ಕೊಂಡೆ. ಅದಕ್ಕೇ ಕೂಗಲಿಲ್ಲ. ಇನ್ನೆರಡು ಬಳ್ಳಿ ಕಟ್ಟಿಬಿಡೋಣ ಅಂತ ನಿಂತೆ."

ಥಾಡೋ ಮಗುವಿನ ಹಾಗೆ ಅತ್ತುಬಿಟ್ಟ.

"ಅತ್ತಿದ್ದು ಸಾಕು," ಅಂದಳು ಸೆರ್‌ಮು. "ಇವತ್ತು ಯಾವ ವಾರ? ಮಂಗಳವಾರ ತಾನೆ? ಚಪ್ಪಲಿ ಎಲ್ಲಿದೆ ನೋಡು. ನಾನೂ ಬರ್ತೀನಿ."

ಲೈಬ್ರರಿಯ ಆ ಕೋಣೆಯಲ್ಲಿ ಆ ದಿನ ಹದಿನಾಲ್ಕು ಜನರಿದ್ದರು. ಥ್ರಾಮು ಅಕ್ಷರ ತಿದ್ದಿಸಲಿಲ್ಲ. ಒಬ್ಬೊಬ್ಬರನ್ನೇ ಬಾಗಿಲ ಬಳಿ ನಿಲ್ಲಿಸಿ ಮಾತಾಡಿಸಿದರು.

"ಯೆಸ್, ನೋ ಅಂತ ಅಷ್ಟಕ್ಕೇ ನಿಲ್ಲಿಸಬೇಡಿ. ಬಾಲ ಇಲ್ಲದ ಉತ್ತರ ಅಪಾಯ. ಯೆಸ್, ದೇರ್ ಈಸ್ ಅನ್ನಿ. ಹೌದು, ಇದ್ದಾರೆ. ಇಲ್ಲಾಂದ್ರೆ ನೋ, ದೇರ್ ಈಸಂಟ್. ಇಲ್ಲ, ಯಾರೂ ಇಲ್ಲ. ಯೆಸ್ ಪಕ್ಕದಲ್ಲಿ ಇಲ್ಲ ಅನ್ನೋದು ಬರಬಾರದು, ನೋ ಪಕ್ಕದಲ್ಲಿ ಇದೆ ಅನ್ನೋದು ಬರಬಾರದು."

"ಆ ಬಾಲವೂ ಮರೆತು ಹೋದ್ರೆ ಥ್ರಾಮು?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ಹೆಸರು ಹೇಳು. ಸೆರ್‌ಮು ಒಳಗಿದ್ದಾಳೆ ಅನ್ನು. ಅದೂ ಬರದಿದ್ರೆ ಸ್ಟಾಪ್ ಅಂತ ಕೂಗು. ಅರ್ಥ ಆಗದಿದ್ರೆ ಆಗಲಿಲ್ಲ ಅನ್ನು, ಇನ್ನೊಂದು ಸಲ ನಿಧಾನವಾಗಿ ಹೇಳಿ ಅನ್ನು. ಅದರಲ್ಲಿ ಮರ್ಯಾದೆ ಹೋಗೋದೇನಿದೆ? ಅರ್ಥವಾದ ಹಾಗೆ ತಲೆಯಾಡಿಸೋದೇ ಕೇಡು."

ಥಾಡೋನ ಸರದಿ ಬಂದಾಗ ಅವನಿಗೆ ಮೊದಲ ಸಲ ಮಾತೇ ಹೊರಡಲಿಲ್ಲ. ಎರಡನೆಯ ಸಲ ತಪ್ಪಾಯಿತು. ನಾಲ್ಕನೆಯ ಸಲ ಸರಿಯಾಗಿ ಹೇಳಿದ. ಯಾರೂ ನಗಲಿಲ್ಲ.

ಗಾಜಿನ ಮನೆಯಲ್ಲೂ ಬದಲಾಗಿದೆ. ಈಗ ಡ್ಯಾರಿಲ್ ಯಾರೂ ಇಲ್ವಾ ಎಂದು ಕೇಳುವುದಿಲ್ಲ, ಒಳಗೆ ಯಾರಿದ್ದಾರೆ ಎಂದು ಕೇಳುತ್ತಾನೆ. ಕೇಳಿದ ಮೇಲೂ ಒಂದೊಂದು ಸಾಲನ್ನೂ ತಾನೇ ನಡೆದು ನೋಡುತ್ತಾನೆ. ಕೆಲಸಗಾರರೆಲ್ಲ ಸೇರಿದ್ದ ದಿನ ಥಾಡೋ ಎದ್ದು ನಿಂತು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಬರದಿದ್ದನ್ನು ಕರೆನ್‌ನಲ್ಲಿ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಸೆರ್‌ಮು ಮುಂದಿನ ಸಾಲಿನಲ್ಲಿ ಕೂತು ಕೇಳಿದಳು.

ಈ ಕಥೆ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಇಂಗ್ಲಿಷ್ ಆಡುವವರ ಕೈಕೆಳಗೆ ದುಡಿಯುವವರು ನಮ್ಮಲ್ಲಿ ಎಷ್ಟೋ ಜನ. ಪುಸ್ತಕದ ಇಂಗ್ಲಿಷ್ ಎಲ್ಲರಿಗೂ ಬೇಕಿಲ್ಲ. ಇದೆ, ಇತ್ತು, ಇಲ್ಲ ಅನ್ನುವುದನ್ನು ತಪ್ಪದೆ ಹೇಳಲು ಕಲಿಯಿರಿ. ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ, ನಿಲ್ಲಿಸಿ ಎಂದು ಹೇಳಲು ಕಲಿಯಿರಿ. ಆಸ್ಪತ್ರೆಯಲ್ಲಿ ನಾಚದೆ ದುಭಾಷಿ ಬೇಕು ಅನ್ನಿ. ಮಾತು ಹೇಳಿಕೊಡುವವರು ನಿಮ್ಮ ಊರಲ್ಲೂ ಇರುತ್ತಾರೆ, ವಿಚಾರಿಸಿ. ಒಬ್ಬರೇ ಹೋಗಬೇಡಿ, ಮನೆಯವರನ್ನೂ ಕರೆದುಕೊಂಡು ಹೋಗಿ. ವಯಸ್ಸಾಯಿತು ಅನ್ನುವವರಿದ್ದರೆ ಸೆರ್‌ಮುವಿನ ಹೆಸರು ಹೇಳಿ. ಲೈಬ್ರರಿಯ ಮೆಟ್ಟಿಲ ಮೇಲೆ ಮೂರು ಸಲ ನಿಂತು ಸುಧಾರಿಸಿಕೊಂಡು, ಅವಳು ಇಂದಿಗೂ ಒಂದು ಮಂಗಳವಾರವನ್ನೂ ತಪ್ಪಿಸಿಲ್ಲ.