ಮಾವನ ವಾಚಿಗೆ ಬಟ್ಟೆಯ ಬೆಲ್ಟು

ಮಾವನ ಕೈಗಡಿಯಾರದ ಬೆಲ್ಟನ್ನು ಬದಲಾಯಿಸತಕ್ಕದ್ದು ಎಂಬ ಠರಾವು ಒಂದು ಭಾನುವಾರ ಬೆಳಿಗ್ಗೆ, ಎರಡು ಸುತ್ತು ಚಹಾ ಮತ್ತು ಒಂದು ಸುತ್ತು ಜಗಳದ ನಂತರ, ಆ ಮನೆಯಲ್ಲಿ ಒಮ್ಮತದಿಂದ ಅಂಗೀಕಾರವಾಯಿತು. ಒಮ್ಮತವೆಂದರೆ ಗಂಡ ಹೆಂಡತಿಯದು. ಸಂಬಂಧಪಟ್ಟ ಕೈಯ ಒಡೆಯರು ಆ ಹೊತ್ತಿಗೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು, ಮೊಟ್ಟೆಗಳ ಸಾಲಿನಲ್ಲಿ ಆರನೆಯದಾಗಿ ಕೂತಿದ್ದ ತಮ್ಮ ವಾಚನ್ನು ಕುತೂಹಲದಿಂದ ನೋಡುತ್ತಿದ್ದರು.

ಅದು ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವಂಥ ಅಗ್ಗದ ಡಿಜಿಟಲ್ ವಾಚು. ಕಪ್ಪು ಪ್ಲಾಸ್ಟಿಕ್ಕಿನ ಮೈ, ಕಪ್ಪು ಪ್ಲಾಸ್ಟಿಕ್ಕಿನ ಬೆಲ್ಟು, ಮಂಕು ಗಾಜಿನೊಳಗೆ ಕಡ್ಡಿ ಜೋಡಿಸಿದಂಥ ಅಂಕೆಗಳು. ಮಾವ ಇಪ್ಪತ್ತು ವರ್ಷದಿಂದ ಇದೇ ಜಾತಿಯದನ್ನು ಕಟ್ಟಿಕೊಂಡು ಬಂದವರು. ಒಂದು ಕೆಟ್ಟರೆ ಅದರ ತದ್ರೂಪವನ್ನೇ ಹುಡುಕಿ ತರುತ್ತಿದ್ದರು. ಈಚೆಗೆ ಅವರ ಚರ್ಮ ತೀರಾ ತೆಳುವಾಗಿ, ಪ್ಲಾಸ್ಟಿಕ್ ತಾಗಿದಲ್ಲೆಲ್ಲ ಕೆಂಪು ಗುಳ್ಳೆ ಏಳುತ್ತಿತ್ತು. ತುರಿಕೆ ಬಂದಾಗ ಬಿಚ್ಚುವರು. ಬಿಚ್ಚಿ ಎಲ್ಲಿಟ್ಟೆ ಎಂಬುದನ್ನು ಮರುಕ್ಷಣ ಮರೆಯುವರು.

ಬೇರೆ ಮನೆಯಲ್ಲಾದರೆ ಇದು ಠರಾವಿನ ಮಟ್ಟಕ್ಕೆ ಏರುವ ವಿಷಯವಲ್ಲ. ಇಲ್ಲಿ ಮಾವ ಮರೆಯುತ್ತಿದ್ದುದು ವಾಚನ್ನಷ್ಟೇ ಅಲ್ಲ. ರೈಲು ನಿಲ್ದಾಣದ ಕಳೆದ ವಸ್ತುಗಳ ಕೋಣೆಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿ ಊರಿನವರ ಕೊಡೆ, ಚೀಲ, ಹಲ್ಲಿನ ಸೆಟ್ಟುಗಳನ್ನು ಕಾಪಾಡಿದ್ದ ಮನುಷ್ಯ ಈಗ ತಾವೇ ಕಳೆದುಹೋಗತೊಡಗಿದ್ದರು. ದಿನಾ ಹತ್ತು ಗಂಟೆಗೆ ಒಬ್ಬರೇ ಹೊರಟು, ಪಾರ್ಕಿಗೆ ಎರಡು ಸುತ್ತು ಹಾಕಿ, ಹನ್ನೊಂದಕ್ಕೆ ಮನೆ ಸೇರುವುದು ಅವರ ಪದ್ಧತಿ. ಎರಡು ಸಲ ಮನೆ ಸೇರುವುದು ಬಿಟ್ಟುಹೋಗಿತ್ತು. ಎರಡು ಸಲವೂ ಕಾಪಾಡಿದ್ದು ವಾಚು. ಅದರ ಹಿಂಬದಿಯ ಉಕ್ಕಿನ ಮುಚ್ಚಳದ ಮೇಲೆ ಮಗ ತನ್ನ ಹೆಂಡತಿಯ ಮೊಬೈಲ್ ನಂಬರು ಕೆತ್ತಿಸಿದ್ದ. ಯಾರೋ ಪುಣ್ಯಾತ್ಮರು ಓದಿ ಫೋನ್ ಮಾಡಿದ್ದರು. ಜೇಬಿನಲ್ಲಿ ಚೀಟಿ ಇಟ್ಟು ನೋಡಿದ್ದಾಗಿತ್ತು. ಅದನ್ನು ಮಾವ ಎದುರಿಗೆ ಬಂದವರಿಗೆ ಕೊಟ್ಟು ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದರು.

"ಕೈಯಲ್ಲಿ ವಾಚ್ ನಿಲ್ಲಲ್ಲ ಅಂದ್ರೆ ಹೊರಗೆ ಬಿಡೋಕಾಗಲ್ಲ ಕಣೆ," ಎಂದ ಮಗ. ಅವನು ಬಸ್ ಡ್ರೈವರ್. ಹೊರಟ ಮೇಲೆ ನಿಗದಿಯಾದ ಜಾಗಕ್ಕೆ ತಲುಪಲೇಬೇಕು ಎಂಬ ನಂಬಿಕೆಯವನು. "ಇನ್ನೊಂದ್ಸಲ ಹೀಗಾದ್ರೆ, ಹೊರಗಿಂದ ಬೀಗ ಹಾಕ್ಕೊಂಡೇ ಡ್ಯೂಟಿಗೆ ಹೋಗೋದು."

"ಅವರೇನು ಸೈಕಲ್ಲೇನ್ರೀ, ಬೀಗ ಹಾಕೋಕೆ?"

"ಸೈಕಲ್ ಆಗಿದ್ರೆ ನಿಲ್ಲಿಸಿದಲ್ಲೇ ಇರ್ತಿತ್ತು."

ಸೊಸೆ ಸೋಲಲಿಲ್ಲ. ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ಸ್ನಾನದ ನೀರಿನ ಬಿಸಿ ನೋಡುವವರೆಗೆ ಎಲ್ಲವನ್ನೂ ಬೇರೆಯವರಿಗೆ ಒಪ್ಪಿಸಿದ್ದ ಮಾವನಿಗೆ ಸ್ವಂತದ್ದು ಅಂತ ಉಳಿದಿದ್ದು ಆ ಒಂದು ಗಂಟೆ. ಹೊಸ್ತಿಲು ದಾಟುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅದನ್ನು ಗಂಡ ನೋಡಿರಲಿಲ್ಲ, ಅಷ್ಟು ಹೊತ್ತಿಗೆ ಅವನ ಬಸ್ಸು ಊರ ಹೊರಗಿರುತ್ತಿತ್ತು. ಅಂಗಡಿಗೆ ಹೊರಡುವ ಮುಂಚೆ ಅವಳು ದಿನಾ ನೋಡುತ್ತಿದ್ದಳು.

ಸೋಮವಾರ ವಾಚನ್ನು ರಿಪೇರಿಯವನ ಬಳಿ ಒಯ್ದಳು. ಮಹಡಿ ಮೆಟ್ಟಿಲಿನ ಕೆಳಗೆ, ಒಬ್ಬ ಕೂತರೆ ಇನ್ನೊಬ್ಬನ ನೆರಳಿಗೂ ಜಾಗವಿಲ್ಲದ ಅಂಗಡಿ. ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ನಿಟ್ಟುಸಿರು ಬಿಟ್ಟ.

"ಅಕ್ಕಾ, ಇದು ಬೆಲ್ಟ್ ಬದಲಾಯಿಸೋ ಜಾತಿ ಅಲ್ಲ. ವಾಚನ್ನೇ ಬದಲಾಯಿಸೋ ಜಾತಿ."

"ಹೊಸದರಲ್ಲೂ ಇದೇ ಪ್ಲಾಸ್ಟಿಕ್ ತಾನೆ? ಮೆತ್ತಗಿರೋದು ಯಾವುದಾದ್ರೂ ಹಾಕ್ಕೊಡಿ."

"ಕೂರಲ್ಲ. ಇಲ್ನೋಡಿ, ಬೆಲ್ಟು ಸಿಕ್ಕಿಸೋ ಈ ಬಾಯಿ ಇದೇ ಕಂಪನಿಯವರ ಬೆಲ್ಟಿಗೆ ಅಂತಲೇ ಮಾಡಿರೋದು, ಬೇರೆಯವರನ್ನ ಒಳಗೆ ಬಿಡಲ್ಲ. ಇಷ್ಟು ವಾಚಿಗೆ ಇಷ್ಟು ಉಪಚಾರ ಅಂದ್ರೆ ಯಾರದ್ದು ಇದು, ಮಂತ್ರಿಗಳದ್ದಾ?"

"ನಮ್ಮ ಮಾವಂದು."

"ಹಾಗಾದ್ರೆ ಮಂತ್ರಿಗಿಂತ ಕಷ್ಟ," ಎಂದು ಅವನು ಕೆಲಸಕ್ಕೆ ಕೈ ಹಾಕಿದ. ಹಳೆಯ ಬೆಲ್ಟು ಕಳಚಿ, ವಾಚಿನ ಎರಡು ತುದಿಗೂ ಒಂದೊಂದು ಸಣ್ಣ ಉಕ್ಕಿನ ಕಡ್ಡಿ ಕೂರಿಸಿದ. "ಈ ಕಡ್ಡಿ ಸಂದೀಲಿ ಬಟ್ಟೆಪಟ್ಟಿ ತೂರಿಸಿ, ವಾಚಿನ ಅಡಿಯಿಂದ ಆ ಕಡೆ ಎಳ್ಕೊಳ್ಳಿ. ಮೈಗೆ ಬಟ್ಟೆ ಬಿಟ್ಟು ಬೇರೇನೂ ತಾಗಲ್ಲ. ಹೊಲಿಗೆ ನಿಮ್ಮ ಕಸುಬು, ನಾನೇನು ಹೇಳೋದು."

ಅವಳ ಕಸುಬು ಬಟ್ಟೆ ಆಲ್ಟರೇಷನ್. ದಪ್ಪಗಾದವರಿಗೆ ಬಿಚ್ಚಿ, ಸಣ್ಣಗಾದವರಿಗೆ ಹಿಡಿದು, ಅಂಗಡಿಯಲ್ಲಿ ದಿನವಿಡೀ ಜನರ ಏರಿಳಿತವನ್ನು ಹೊಲಿಯುತ್ತಿದ್ದಳು. ಪ್ಯಾಂಟಿನ ಸೊಂಟದ ಒಳಗೆ ಕೊಡುವ ಮೆತ್ತನೆಯ ಹತ್ತಿಯ ಪಟ್ಟಿಯನ್ನು, ಕಡುನೀಲಿಯದನ್ನು, ಆರಿಸಿ ಎರಡು ಪದರ ಮಾಡಿದಳು. ಅಂಚನ್ನು ಒಳಮಡಚಿ, ಗಂಟುಗಳೆಲ್ಲ ಪದರದ ನಡುವೆ ಅಡಗುವಂತೆ ಕೈಯಲ್ಲೇ ಹೊಲಿದಳು. ಬಕಲ್ ಬದಲು ವೆಲ್ಕ್ರೋ ಅಂಟುಪಟ್ಟಿ. ಎಲ್ಲ ಮುಗಿದ ಮೇಲೆ ಹೊಳೆಯಿತು: ಅಡಿಯಲ್ಲಿ ಹಾದ ಬಟ್ಟೆ ಉಕ್ಕಿನ ಮೇಲಿನ ನಂಬರನ್ನು ಪೂರ್ತಿ ಮುಚ್ಚಿತ್ತು. ಸರಿ, ಬೆಲ್ಟಿನ ಒಳಮೈಯಲ್ಲಿ ಬಿಳಿ ನೂಲಿನಿಂದ ತನ್ನ ನಂಬರಿನ ಹತ್ತೂ ಅಂಕೆ ಹೊಲಿದಳು. ಎರಡು ಮಧ್ಯಾಹ್ನದ ಊಟದ ಹೊತ್ತು ಅದಕ್ಕೇ ಹೋಯಿತು.

"ಅಂಗಿ ಕಾಲರಲ್ಲಿ ಒಗೆಯೋ ಕ್ರಮ ಬರೆದ ಹಾಗಿದೆ," ಎಂದ ಗಂಡ. ಆದರೆ ಬೆರಳಿನಿಂದ ಎರಡು ಸಲ ಸವರಿ ನೋಡಿದ.

ಮಾವ ಕೈ ಚಾಚಿದರು. ಅವಳು ಕಟ್ಟಿದಳು.

"ಹೇಗಿದೆ ಮಾವ? ಒತ್ತುತ್ತಾ?"

ಅವರು ಕೈಯನ್ನು ಅತ್ತಿತ್ತ ತಿರುಗಿಸಿದರು. "ಇಲ್ಲ ತಾಯಿ. ಏನೂ ಕಟ್ಟಿದ ಹಾಗೇ ಇಲ್ಲ."

ಆ ಬೆಲ್ಟು ಗೆದ್ದಿತು. ಒಂಬತ್ತು ದಿನ ವಾಚು ಕೈ ಬಿಟ್ಟು ಕದಲಲಿಲ್ಲ. ನಿದ್ದೆಯಲ್ಲೂ ಸ್ನಾನದಲ್ಲೂ ಅಲ್ಲೇ. ಗುಳ್ಳೆ ಒಣಗಿ ಕಂದು ಕಲೆಯಾಯಿತು, ಕಲೆಯೂ ಮಾಸಿತು. ಮಾವ ಹತ್ತಕ್ಕೆ ಹೋಗಿ ಹನ್ನೊಂದಕ್ಕೆ ಬಂದರು. ಮಗ ಬೀಗದ ಮಾತು ಬಿಟ್ಟ. ಸೊಸೆ ಅಂಗಡಿಯಲ್ಲಿ ಗುನುಗುತ್ತಾ ಹೊಲಿದಳು.

ಹತ್ತನೆಯ ದಿನ ಹನ್ನೊಂದೂಮುಕ್ಕಾಲಿಗೆ ಅವಳ ಫೋನು ಬಡಿದುಕೊಂಡಿತು.

"ಮೇಡಂ, ರೈಲು ನಿಲ್ದಾಣದ ಕಳೆದ ವಸ್ತುಗಳ ಕೋಣೆಯಿಂದ. ನಿಮ್ಮದೊಂದು ವಾಚ್ ಸಿಕ್ಕಿದೆ. ಬೆಲ್ಟಲ್ಲಿ ಈ ನಂಬರಿತ್ತು. ಸಂಜೆ ಐದರೊಳಗೆ ಬಂದು ಗುರುತು ಹೇಳಿ ತಗೊಂಡು ಹೋಗಿ."

"ವಾಚ್ ಕಟ್ಟಿಕೊಂಡಿದ್ದವರು ಎಲ್ಲಿ?"

"ಕಟ್ಟಿಕೊಂಡಿದ್ದವರು ಗೊತ್ತಿಲ್ಲ. ಒಬ್ಬ ಯಜಮಾನರು ತಂದುಕೊಟ್ಟು ಹೋದರು."

ಸೂಜಿಯನ್ನು ಯಾರದೋ ಪ್ಯಾಂಟಿಗೆ ಚುಚ್ಚಿಟ್ಟು ಓಡಿದಳು.

ಕೋಣೆಯಲ್ಲಿದ್ದ ಗುಮಾಸ್ತ ಹೊಸಬ, ಎಳೆಯ ಮೀಸೆಯವನು, ಮಾವನನ್ನು ಕಂಡರಿಯ. ಒಳ್ಳೆಯ ಸುದ್ದಿ ಕೊಟ್ಟವನ ಮುಖ ಮಾಡಿಕೊಂಡು ಕೂತಿದ್ದ.

"ಅಂಥ ಪ್ರಾಮಾಣಿಕರು ಈಗಿನ ಕಾಲದಲ್ಲಿ ಸಿಗಲ್ಲ ಮೇಡಂ. ಪಾರ್ಕಲ್ಲಿ ಯಾರೋ ಟೈಮ್ ಕೇಳಿದರಂತೆ. ತೋಳು ಮೇಲೆ ಮಾಡಿ ನೋಡಿದರೆ ಬೇರೆಯವರ ವಾಚು! 'ನನ್ನದು ಕಪ್ಪು ಬೆಲ್ಟಿನದು, ಇದನ್ನ ಯಾರೋ ನನ್ನ ಕೈಯಲ್ಲಿ ಮರೆತು ಹೋಗಿದಾರೆ' ಅಂದರು. ಅಲ್ಲಿಂದ ನಡಕೊಂಡೇ ಬಂದಿದಾರೆ. ನಾನು ರಿಜಿಸ್ಟರ್ ಬರೆಯೋ ರೀತಿ ಸರಿಯಿಲ್ಲ ಅಂತ ಪೆನ್ನು ಕಿತ್ಕೊಂಡು ತಾವೇ ಬರೆದರು."

ಅವನು ರಿಜಿಸ್ಟರ್ ಅವಳ ಕಡೆ ತಿರುಗಿಸಿದ. ಸಾಲು ಬಿದ್ದುಹೋದ ಅಕ್ಷರಗಳ ನಡುವೆ ಮಾವನ ದುಂಡನೆಯ ಬರಹ ಶಿಸ್ತಾಗಿ ನಿಂತಿತ್ತು. 'ಡಿಜಿಟಲ್ ವಾಚು, ಒಂದು. ಚಾಲ್ತಿಯಲ್ಲಿದೆ. ಬೆಲ್ಟು ನೀಲಿ ಬಟ್ಟೆಯದು, ಕೈಹೊಲಿಗೆ. ಬಹಳ ಜೋಪಾನದಿಂದ ಹೊಲಿದದ್ದು. ವಾರಸುದಾರರು ಹುಡುಕಿಕೊಂಡು ಬರುತ್ತಾರೆ, ಬೇಗ ವಿಲೇವಾರಿ ಮಾಡಬಾರದು.' ತಂದುಕೊಟ್ಟವರ ಹೆಸರು, ವಿಳಾಸ ಎಂಬ ಜಾಗದಲ್ಲಿ ಏನೂ ಇರಲಿಲ್ಲ.

"ಹೆಸರು ಕೇಳಲಿಲ್ವಾ?"

"ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿದರು. ಆಮೇಲೆ, ಅದು ಅಷ್ಟು ಮುಖ್ಯ ಅಲ್ಲ ಅಂದರು."

"ಯಾವ ಕಡೆ ಹೋದರು?"

ಅವನು ಪ್ಲಾಟ್‌ಫಾರಂ ಕಡೆ ಕೈ ತೋರಿಸಿದ. ಮಾವ ಹೋದ ಮೇಲಿನ ಅರ್ಧ ಗಂಟೆಯಲ್ಲಿ ಅಲ್ಲಿಂದ ನಾಲ್ಕು ರೈಲುಗಳು ಹೊರಟಿದ್ದವು.

ವಾಚನ್ನು ಹಿಂದಕ್ಕೆ ಪಡೆದಿದ್ದಕ್ಕೆ ಸಹಿ ಹಾಕಿಸಿಕೊಳ್ಳದೆ ಅವನು ಅವಳನ್ನು ಬಿಡಲಿಲ್ಲ. ಅವಳು ಹಾಕಿದಳು.

ಗಂಡ ಯೂನಿಫಾರಂನಲ್ಲೇ ಬಂದ. ಇಬ್ಬರೂ ಪೊಲೀಸರಿಗೆ ಹೇಳಿದರು, ನಿಲ್ದಾಣ ನಿಲ್ದಾಣಕ್ಕೂ ಫೋಟೋ ಕಳಿಸಿದರು. ಗುರುತಿನ ಚಿಹ್ನೆ ಏನೆಂದು ಕೇಳಿದಾಗಲೆಲ್ಲ ಗಂಡ ಹೆಂಡತಿಯ ಮುಖ ನೋಡುತ್ತಿದ್ದ. ಅವಳು ವಾಚು ಹಿಡಿದ ಮುಷ್ಟಿ ಬಿಚ್ಚುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಾವ ಸಿಕ್ಕರು, ಆ ನಾಲ್ಕು ರೈಲುಗಳಲ್ಲೊಂದರ ಹಳಿ ಮುಗಿಯುವ ಊರಿನ ವಿಶ್ರಾಂತಿ ಕೋಣೆಯಲ್ಲಿ. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಪಾದ ಊದಿತ್ತು, ಮೈ ಸುಡುತ್ತಿತ್ತು. ಕಸ ಗುಡಿಸುವವಳು ತನ್ನ ಶಾಲು ಹೊದಿಸಿ, ಬನ್ನು ಕೊಟ್ಟು ಕಾಪಾಡಿದ್ದಳು. "ಯಾರು ಅಂತ ಕೇಳಿ ಕೇಳಿ ಸಾಕಾಯ್ತಮ್ಮ," ಎಂದಳು. "ಮೈಮೇಲೆ ಒಂದು ಚೀಟಿಯಾದ್ರೂ ಕಟ್ಟಬಾರ್ದಾ ನೀವು?"

ಸೊಸೆಯನ್ನು ಕಂಡು ಮಾವ ಎದ್ದು ನಿಲ್ಲಲು ನೋಡಿದರು. ಗುರುತು ಹತ್ತಿತೋ ಇಲ್ಲವೋ ಹೇಳುವಂತಿರಲಿಲ್ಲ. ಕಚೇರಿಯ ದನಿಯಲ್ಲಿ ಕೇಳಿದರು:

"ಆ ವಾಚಿನವರು ಬಂದಿದ್ರಾ?"

"ಬಂದಿದ್ರು ಮಾವ. ತಗೊಂಡು ಹೋದ್ರು."

"ಒಳ್ಳೇದಾಯ್ತು," ಎಂದು ಮಾವ ಕೂತರು. "ಪಾಪ, ತುಂಬಾ ಹುಡುಕಿರ್ತಾರೆ."

ಮನೆಗೆ ಬಂದ ಮೇಲೆ ಮಗ ಬೀಗದ ಮಾತೆತ್ತಲಿಲ್ಲ. ಎತ್ತಿದ್ದು ಸೊಸೆ. ಅವನು ಗೋಡೆಯ ಕಡೆ ತಿರುಗಿ ಅಂಗಿ ಬದಲಿಸಿದ. ಬಡಗಿಯನ್ನು ಅವಳೇ ಕರೆಸಿ, ಬಾಗಿಲಿನ ಹೊರಗೆ ಚಿಲಕ ಎಲ್ಲಿ ಕೂರಿಸಬೇಕೆಂದು ತೋರಿಸಿದಳು.

ಬಡಗಿ ಬಂದುಹೋದ ಗುರುವಾರದಿಂದ ಮಾವ ಒಬ್ಬರೇ ಹೊರಗೆ ಹೋಗುವುದು ನಿಂತಿತು.